ಒಳ್ಳೆ ಮನೆ

ಬಿಂದುವಿನ ಕೊರಳಲ್ಲಿ ನೇತಾಡುತ್ತಿದ್ದ ಬಿಲ್ಲೆಯ ಮೇಲೆ, ಹೆಸರಿನ ಕೆಳಗೆ ಸಂಸ್ಥೆಯ ಹೆಸರು ಇರಬೇಕಾದ ಜಾಗದಲ್ಲಿ, 'ಲೋಕಲ್' ಎಂದು ಅಚ್ಚಾಗಿತ್ತು. ನೋಂದಣಿಯ ಸಮಯದಲ್ಲಿ ವಸತಿ ಬೇಕೇ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಅದು. ಅಚ್ಚು ಹಾಕಿದವರು ಒಂದು ಸಾಲು ತಪ್ಪಿ ಅದನ್ನು ಇಲ್ಲಿಗೆ ತಂದಿದ್ದರು. ಉಳಿದವರ ಬಿಲ್ಲೆಗಳಲ್ಲಿ ಬೆಂಗಳೂರಿನ, ಪುಣೆಯ, ಹೈದರಾಬಾದಿನ ಉದ್ದುದ್ದ ಹೆಸರುಗಳಿದ್ದವು. ಬದಲಿಸಿ ಕೊಡಿ ಎಂದು ಕೇಳಲು ಹೋಗಿದ್ದಳು. ಮೇಜಿನ ಹಿಂದಿದ್ದ ಹುಡುಗಿ ಬಿಲ್ಲೆ ಓದಿ, 'ಪರವಾಗಿಲ್ಲ ಬಿಡಿ ಮೇಡಂ, ನಿಜ ತಾನೆ' ಎಂದು ನಕ್ಕಳು. ನಿಜವೇ ಆಗಿತ್ತು. ಬಿಂದು ಬಿಲ್ಲೆಯನ್ನು ಹಿಂದುಮುಂದು ಮಾಡಿ, ಊಟದ ಚೀಟಿ ಅಂಟಿಸಿದ ಬೆನ್ನು ಹೊರಗೆ ಕಾಣುವಂತೆ ಹಾಕಿಕೊಂಡಳು. ಐದು ಹೆಜ್ಜೆ ನಡೆಯುವಷ್ಟರಲ್ಲಿ ಅದು ತಾನಾಗಿ ತಿರುಗಿಕೊಂಡಿತು.

ಸಾಂಕ್ರಾಮಿಕ ರೋಗಗಳ ಸಂಶೋಧಕರ ಪ್ರಾದೇಶಿಕ ಸಮಾವೇಶಕ್ಕೆ ಚಿತ್ರದುರ್ಗದ ಹೊರವಲಯದ ಕಲ್ಯಾಣ ಮಂಟಪವೊಂದನ್ನು ಹಿಡಿದಿದ್ದರು. ಫ್ಲೆಕ್ಸ್ ಬ್ಯಾನರಿನ ಹಿಂದೆ ಹಿಂದಿನ ದಿನದ ಮದುವೆಯ ಕಮಾನು ಹಾಗೆಯೇ ನಿಂತಿತ್ತು, ಬ್ಯಾನರು ಗಾಳಿಗೆ ಸರಿದಾಗಲೆಲ್ಲ ಥರ್ಮಾಕೋಲಿನ ಎರಡು ಹಂಸಗಳು ಕಾಣುತ್ತಿದ್ದವು. ಮಹಿಳಾ ಪ್ರತಿನಿಧಿಗಳು ಸೀರೆ ಸರಿಪಡಿಸಿಕೊಳ್ಳಲು ಹೋಗಬೇಕಾದ ಕೋಣೆಯ ಬಾಗಿಲ ಮೇಲೆ 'ವಧುವಿನ ಕೋಣೆ' ಎಂದು ಬರೆದಿತ್ತು. ಕಿಟಕಿಯಾಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹೊರಗಿನಿಂದ ಬಂದ ಯುವ ವಿಜ್ಞಾನಿಗಳು ಅವುಗಳ ಫೋಟೊ ತೆಗೆದು, ಕೋಟೆ ನೋಡಲು ಸಂಜೆ ಎಷ್ಟು ಹೊತ್ತಿಗೆ ಹೊರಟರೆ ಸರಿ ಎಂದು ಬಿಂದುವನ್ನು ಕೇಳಿದರು. ಅವಳ ಊರು ಹೊಸದುರ್ಗ. ಕೋಟೆಯನ್ನು ಅವಳು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ್ದಳು. ಆದರೂ ಉತ್ತರ ಹೇಳಿದಳು. ಬಿಲ್ಲೆ ಹೇಳುತ್ತಿದ್ದ ಕೆಲಸವನ್ನು ಮಾಡಿದರೆ ಬಿಲ್ಲೆಯ ಅವಮಾನ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಅನ್ನಿಸಿತು.

'ನಿನ್ನ ಒಳ್ಳೆ ಮನೆಯವರು ಬಂದರಾ?' ಎಂದು ಕೇಳುತ್ತ ಡಾ. ದಯಾನಂದ ಬಂದರು. ಯೋಜನೆಯ ಮುಖ್ಯಸ್ಥರು ಅವರು. ಬಿಂದು ಅವರ ಕೈಕೆಳಗೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಳು. 'ಒಳ್ಳೆ ಮನೆ' ಎಂಬ ಎರಡು ಪದ ಅವರಿಗೆ ಬಹಳ ಹಿಡಿಸಿತ್ತು. ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಅದನ್ನು ಕನ್ನಡದಲ್ಲೇ ಹೇಳಿ, ಕೇಳುವವರು ಅರ್ಥ ಕೇಳುವ ತನಕ ಸುಮ್ಮನಿದ್ದು, ನಂತರ ವಿವರಿಸುತ್ತಿದ್ದರು. ವಿವರಿಸುವಾಗ ಬಿಂದುವಿನ ಹೆಸರು ಹೇಳುತ್ತಿದ್ದರು. ಅದು ಅವರ ದೊಡ್ಡತನ.

ಅಧ್ಯಯನ ಕಂದು ರೋಗದ್ದು. ಕುರಿ ಮೇಕೆಗಳು ಕಂದು ಹಾಕಿದಾಗ, ಎಂದರೆ ದಿನ ತುಂಬುವ ಮೊದಲೇ ಮರಿ ಬಿದ್ದಾಗ, ಆ ಮೈಲಿಗೆಯಿಂದ ಮನುಷ್ಯರಿಗೆ ಹತ್ತುವ ಜ್ವರ. ಸಂಜೆ ಏರುತ್ತದೆ, ಬೆಳಗ್ಗೆ ಇಳಿಯುತ್ತದೆ, ವಾರಗಟ್ಟಲೆ ಇಲ್ಲವಾಗಿ ಮತ್ತೆ ಬರುತ್ತದೆ. ಬಿಟ್ಟರೆ ಬೆನ್ನುಮೂಳೆಗೆ ಇಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾದರೆ ಆರು ವಾರದ ಮಾತ್ರೆ, ಅಷ್ಟೇ. ಹಿರಿಯೂರು ಸೀಮೆಯ ಕುರಿ ಸಾಕುವ ಊರುಗಳಲ್ಲಿ ಈ ಜ್ವರ ಬಂದ ಪ್ರತಿ ಮನೆಗೂ ಅದೇ ಊರಿನ, ಹೆಚ್ಚುಕಡಿಮೆ ಅಷ್ಟೇ ಕುರಿಗಳಿರುವ, ಜ್ವರ ಬಾರದ ಒಂದು ಮನೆಯನ್ನು ಜೋಡಿ ಮಾಡಿ, ಕುರಿ ಕೂಡುವ ರೊಪ್ಪ ಮನೆಗೆ ಎಷ್ಟು ದೂರ ಎಂಬುದರಿಂದ ಹಿಡಿದು ಎರಡಕ್ಕೂ ಏನು ವ್ಯತ್ಯಾಸ ಎಂದು ನೋಡುವುದು ಬಿಂದುವಿನ ಕೆಲಸವಾಗಿತ್ತು. ಈ ಎರಡನೆಯ ಬಗೆಯ ಮನೆಗೆ ಪುಸ್ತಕದಲ್ಲಿ ಇರುವ ಹೆಸರು ಕಂಟ್ರೋಲ್. ಮೊದಲ ದಿನ ಅವಳು ಅದನ್ನೇ ಹೇಳಿದಳು. ಜೀಪು ಓಡಿಸುವ ದಾಸಣ್ಣ ತಿರುಗಿ ಕೂತು, 'ಮೇಡಂ, ಕಂಟ್ರೋಲ್ ಅಂದ್ರೆ ನಮ್ ಕಡೆ ಸೊಸೈಟಿ ಅಕ್ಕಿ. ನಿಮ್ಮನೆ ಕಂಟ್ರೋಲು ಅಂತ ಹೇಳಿ ಬಂದೀರಿ, ನಾಳೆ ಚೀಲ ಹಿಡ್ಕಂಡು ನಿಂತಿರ್ತಾರೆ ನೋಡ್ರಿ' ಅಂದಿದ್ದ. ಮರುದಿನ ಇಬ್ಬರು ಚೀಲ ಹಿಡಿದುಕೊಂಡು ನಿಂತೇ ಇದ್ದರು. 'ಹೋಲಿಕೆ ಮನೆ' ಎಂದು ಹೇಳಿ ನೋಡಿದಳು. ಯಾರ ಹೋಲಿಕೆ, ನಮ್ಮತ್ತೆ ಹೋಲಿಕೆಯಾ ಎಂದು ಹೆಂಗಸರು ನಕ್ಕರು. ಕೊನೆಗೊಂದು ದಿನ, ಬಬ್ಬೂರು ದಾಟಿ ಒಳಗೆ ಹೋದರೆ ಸಿಗುವ ಊರೊಂದರಲ್ಲಿ, ಬಿಸಿಲಿಗೆ ಬೇಸತ್ತು, 'ಜ್ವರ ಇಲ್ಲದ ಮನೆ ಅಮ್ಮಾ, ಒಳ್ಳೆ ಮನೆ' ಎಂದುಬಿಟ್ಟಳು. ಆ ಮಾತಿನ ಮುಂದೆ ಬಾಗಿಲುಗಳು ತೆರೆದುಕೊಂಡವು. ಏಕಾಂತಮ್ಮ ಎಂಬ ಗಟ್ಟಿ ದನಿಯ ಹೆಂಗಸು ಚಾಪೆ ಹಾಸಿ, 'ಬರ್ರಿ, ಕುಂತ್ಕಳ್ರಿ. ಒಳ್ಳೆ ಮನೆ ಬೇಕಂದ್ರೆ ಈ ಊರಾಗೆ ಇದೇ' ಎಂದಳು.

ಈಗ ಅದೇ ಏಕಾಂತಮ್ಮ ಕಲ್ಯಾಣ ಮಂಟಪದ ಮುಂದೆ ದಾಸಣ್ಣನ ಜೀಪಿನಿಂದ ಇಳಿಯುತ್ತಿದ್ದಳು. ಹಸಿರು ರೇಷ್ಮೆ ಸೀರೆ, ಎಣ್ಣೆ ಹಾಕಿ ಬಾಚಿದ ಕೂದಲು. ಅವಳ ಹಿಂದೆ ಸೊಸೆ ಸುಷ್ಮಿತಾ, ಜೀಪಿನ ಬಾಗಿಲು ಹಿಡಿದು, ಮೊದಲು ಒಂದು ಕಾಲು ಇಟ್ಟು, ತಡೆದು, ಆಮೇಲೆ ಇನ್ನೊಂದು ಕಾಲು ಇಳಿಸಿದಳು. ಇಪ್ಪತ್ತೈದು ದಾಟದ ಹೆಂಗಸು ಇಳಿಯುವ ರೀತಿ ಅದಲ್ಲ ಎಂದು ಬಿಂದುವಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅವಳು ಅಲ್ಲಿಗೇ ಬಿಟ್ಟಳು. ಇಂಥದ್ದನ್ನು ಅಲ್ಲಿಗೇ ಬಿಡುವುದು ಅವಳಿಗೆ ರೂಢಿಯಿತ್ತು. ಏಕಾಂತಮ್ಮ ಒಳಗೆ ಬಂದವಳೇ ಸೆರಗು ಹೊದ್ದು, 'ಏನ್ರಿ ಮೇಡಂ ಇಷ್ಟು ತಣ್ಣಗೆ ಮಾಡ್ಯಾರೆ? ನಾವೇನು ಟಮಾಟೆ ಹಣ್ಣಾ, ಕೆಡದಂಗೆ ಇಡಾಕೆ?' ಎಂದಳು. ದಯಾನಂದ ಜೋರಾಗಿ ನಕ್ಕು ಅದನ್ನು ಪಕ್ಕದಲ್ಲಿದ್ದ ಪುಣೆಯವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಅದು ನಗುವಂಥದ್ದಾಗಿ ಉಳಿಯಲಿಲ್ಲ, ಆದರೂ ಅವರು ನಕ್ಕರು.

ಉದ್ಘಾಟನೆಯ ಕೊನೆಯಲ್ಲಿ ಸಮುದಾಯದ ಪ್ರತಿನಿಧಿಗೆ ಸನ್ಮಾನ ಎಂದಿತ್ತು. ಏಕಾಂತಮ್ಮನಿಗೆ ಕೆಂಪು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಕೊಟ್ಟಾಗ ಅವಳು ಹಿಂಜರಿಯಲಿಲ್ಲ. 'ನಮ್ದು ಒಳ್ಳೆ ಮನೆ ಅಂತ ಇವರು ಬರ್ಕಂಡು ಹೋಗ್ಯಾರೆ. ನಾನು ಹೇಳಿದ್ದಲ್ಲ, ಇವರು ಹೇಳಿದ್ದು. ಕುರಿ ರೊಪ್ಪ ಮನೆಯಿಂದ ದೂರ ಐತೆ, ನಮ್ಮತ್ತೆ ಕಾಲದಿಂದ ದೂರ ಐತೆ. ನಮ್ ಮಗಳನ್ನ ನೋಡಾಕೆ ಹಿರೇಗುಂಟನೂರಿನಿಂದ ಗಂಡಿನೋರು ಬರ್ತಾರೆ. ಅವರಿಗೂ ಗೊತ್ತಾಗೈತೆ, ಇದು ಸರ್ಕಾರ ನೋಡಿದ ಮನೆ ಅಂತ.' ಚಪ್ಪಾಳೆ ಬಿತ್ತು. ಸರ್ಕಾರ ಅಲ್ಲ, ಸಂಶೋಧನೆ, ಎಂದು ದಯಾನಂದ ನಗುತ್ತಲೇ ತಿದ್ದಿದರು. ಬಿಂದು ಚಪ್ಪಾಳೆ ತಟ್ಟುತ್ತಿದ್ದ ತನ್ನ ಕೈಗಳನ್ನು ನೋಡಿದಳು. ಗಂಡಿನವರು ನೋಡಲು ಬರುವುದು ಎಂಬ ಮಾತು ಅವಳ ಕಿವಿಯಲ್ಲಿ ಒಂದು ಕ್ಷಣ ತಡವಾಗಿ ಕೇಳಿಸಿದಂತಾಯಿತು. ಒಳ್ಳೆ ಮನೆ. ಒಳ್ಳೆ ಮನೆ ಕೈ ಬಿಡಬಾರದು ತಾಯೀ, ಎಂದು ಹೊಸದುರ್ಗದ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುತ್ತ ಹೇಳುತ್ತಿದ್ದ ಮದುವೆ ದಲ್ಲಾಳಿಯ ದನಿ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮ. ಗಂಡಿನವರು ಬರುವ ಸುದ್ದಿ ಬಂದಾಗಲೆಲ್ಲ ಯಾರೂ ಹೇಳದೆಯೇ ಚೀಲಕ್ಕೆ ಎರಡು ಸೀರೆ ತುಂಬಿಕೊಂಡು ಹೊರಕೆರೆದೇವಪುರದ ನೆಂಟರ ಮನೆಗೆ ಬಸ್ಸು ಹತ್ತುತ್ತಿದ್ದ ಸೋದರತ್ತೆ ಮರುಳಸಿದ್ದಮ್ಮ. ಅತ್ತೆಯ ಕೈಗಳ ಮೇಲೆ, ತುಟಿಯ ಅಂಚಿನಲ್ಲಿ ಬಿಳಿ ಮಚ್ಚೆಗಳಿದ್ದವು. ಅದು ಅಂಟುವ ರೋಗವಲ್ಲ ಎಂದು ಬಿಂದು ಒಂಬತ್ತನೇ ತರಗತಿಯಲ್ಲೇ ಓದಿದ್ದಳು, ಮನೆಯಲ್ಲಿ ಹೇಳಿಯೂ ಇದ್ದಳು. ಅಮ್ಮ ಹೌದು ಎಂದು ಒಪ್ಪಿಕೊಂಡಿದ್ದಳು. ಅತ್ತೆ ಬಸ್ಸು ಹತ್ತುವುದು ನಿಲ್ಲಲಿಲ್ಲ. ವಾಪಸು ಬಂದಾಗ ಅತ್ತೆ ಮೊದಲು ಕೇಳುತ್ತಿದ್ದದ್ದು, 'ಒಪ್ಪಿದರಾ?' ಎಂದು. ಇದೆಲ್ಲ ತಿಳಿದವಳು ತಾನು. ಆ ಪದ ಯಾವ ಪಡಸಾಲೆಯಿಂದ ತನ್ನ ಬಾಯಿಗೆ ಬಂದಿತ್ತು ಎಂದು ಇಷ್ಟು ದಿನ ಕೇಳಿಕೊಂಡಿರಲಿಲ್ಲ.

ಚಹಾದ ಬಿಡುವಿನಲ್ಲಿ ಸುಷ್ಮಿತಾ ಕಾಣಲಿಲ್ಲ. ಏಕಾಂತಮ್ಮ ಶಾಲು ತೆಗೆಯದೆ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಿಂದು ತನ್ನ ಭಾಷಣವನ್ನು ಇನ್ನೊಮ್ಮೆ ಓದಿಕೊಳ್ಳಲು ವಧುವಿನ ಕೋಣೆಗೆ ಹೋದಳು. ಅಲ್ಲಿ, ನಿಲುವುಗನ್ನಡಿಯ ಕೆಳಗೆ, ಜಮಖಾನದ ಮೇಲೆ ಸುಷ್ಮಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡಿದ್ದಳು. ಹೆಜ್ಜೆ ಸದ್ದಿಗೆ ಎದ್ದು ಕೂರಲು ಹೋದಳು. ಬಿಂದು ತಡೆಯಲು ಅವಳ ತೋಳು ಹಿಡಿದಳು. ಚರ್ಮ ಸುಡುತ್ತಿತ್ತು.

'ಜ್ವರ ಐತಲ್ಲ ಸುಷ್ಮಿತಾ.'

'ಇಲ್ಲ ಮೇಡಂ, ಜೀಪಿನ ಗಾಳಿ. ಒಂದು ಮಾತ್ರೆ ಇದ್ರೆ ಕೊಡ್ರಿ, ಸಾಕು. ಅತ್ತಿ ಮುಂದೆ ಅನ್ನಬ್ಯಾಡ್ರಿ.'

'ಯಾವಾಗಿಂದ?'

ಸುಷ್ಮಿತಾ ಕನ್ನಡಿಯಲ್ಲಿ ಬಾಗಿಲನ್ನು ನೋಡಿದಳು. 'ಬರ್ತೈತೆ, ಹೋಗ್ತೈತೆ. ಸಂಜಿಕ್ಕೆ ಜಾಸ್ತಿ. ಇವತ್ತು ಬೆಳಗ್ಗೇನೇ ಬಂದೈತೆ. ಬೆನ್ನು ಹಿಡ್ಕಂಡ್ರೆ ಬಿಂದಿಗೆ ಎತ್ತಾಕಾಗಲ್ಲ.'

'ಹೋದ ವರ್ಷ ನಾನು ಬಂದಾಗ?'

'ಆವಾಗಲೂ ಇತ್ತು ಮೇಡಂ.'

'ಮತ್ತೆ ನಿಮ್ಮನೇಲಿ ಇಲ್ಲ ಅಂದ್ರಿ?'

'ನೀವು ಒಳ್ಳೆ ಮನೆ ಅಂದಿದ್ರಲ್ಲ' ಎಂದಳು ಸುಷ್ಮಿತಾ. ದೂರುವ ದನಿಯಲ್ಲಿ ಹೇಳಲಿಲ್ಲ. ಕೇಳಿದ್ದಕ್ಕೆ ಕಾರಣ ಹೇಳುವ ದನಿ ಅದು. 'ಜ್ವರ ಐತೆ ಅಂದಿದ್ರೆ ನಿಂಗಕ್ಕನ ಮನೆ ತರ ನಮ್ದೂ ಕೆಟ್ಟ ಮನೆ ಆಗ್ತಿತ್ತು. ನಾನು ಬಂದ ಮ್ಯಾಲೆ ಕೆಡ್ತು ಅಂತಿದ್ರು.'

ಕೆಟ್ಟ ಮನೆ ಎಂಬ ಪದವನ್ನು ಬಿಂದು ಯಾವತ್ತೂ ಬಳಸಿರಲಿಲ್ಲ. ಬಳಸುವ ಅಗತ್ಯವಿರಲಿಲ್ಲ, ಮೊದಲನೆಯ ಪದ ಹೇಳಿದ ಮೇಲೆ ಎರಡನೆಯದನ್ನು ಊರೇ ಹೇಳಿಕೊಂಡಿತ್ತು. ಆ ದಿನ ಅವಳಿಗೆ ಈಗ ಸ್ಪಷ್ಟವಾಗಿ ನೆನಪಾಯಿತು, ಮರೆತಿದ್ದಳು ಎಂದಲ್ಲ. ಏಕಾಂತಮ್ಮನ ನಡುಮನೆಯಲ್ಲಿ ಹಗಲು ಹೊತ್ತಿನಲ್ಲಿ ಯಾರೋ ಕಂಬಳಿ ಹೊದ್ದು ಮಲಗಿದ್ದರು. ಕಂಬಳಿಯ ತುದಿಯಲ್ಲಿ ಕಾಲುಂಗುರ ಹಾಕಿದ ಬೆರಳುಗಳು ಕಾಣುತ್ತಿದ್ದವು. ಅದು ಆ ಊರಿನ ಕೊನೆಯ ಮನೆ. ಜ್ವರ ಬಂದಿದ್ದ ನಿಂಗಕ್ಕನ ಮನೆಗೆ ಜೋಡಿ ಸಿಗದೆ ಮೂರು ಸಲ ಬಂದು ಹೋಗಿದ್ದಾಗಿತ್ತು. ಅಷ್ಟೇ ಕುರಿಗಳಿದ್ದ ಬೇರೆ ಮನೆ ಇರಲಿಲ್ಲ. ಸೂಚನೆಯ ಪ್ರಕಾರ 'ಕಳೆದ ಒಂದು ವರ್ಷದಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ' ಎಂದು ಕೇಳಬೇಕು. ಬಿಂದು ಕೇಳಿದ್ದು, 'ನಿಮ್ಮನೆಯಲ್ಲಿ ಜ್ವರಗಿರ ಏನೂ ಇಲ್ಲ, ಅಲ್ವಾ?' ಎಂದು. ಏಕಾಂತಮ್ಮ 'ಏನೂ ಇಲ್ಲ' ಎಂದಳು. ಕಂಬಳಿ ಅಲುಗಲಿಲ್ಲ. ಮನೆಯ ಉಳಿದವರನ್ನೂ ಕೇಳಲೇ ಎಂದು ದಾಸಣ್ಣ ಅಂದಾಗ, ಮನೆಗೊಬ್ಬರ ಉತ್ತರ ಸಾಕು, ಒಬ್ಬರು ಹೇಳಿದ್ದು ಇಡೀ ಮನೆಯ ಮಾತು ಎಂದು ಅವಳೇ ಹೇಳಿದ್ದಳು, ಏಕಾಂತಮ್ಮನ ಎದುರಿಗೇ. ಅದು ನಿಯಮದಲ್ಲಿ ಇದ್ದದ್ದೇ. ಪರೀಕ್ಷೆಯ ಕಿಟ್ಟುಗಳು ಕಡಿಮೆ ಇದ್ದದ್ದರಿಂದ ಒಳ್ಳೆ ಮನೆಗಳವರ ರಕ್ತ ತೆಗೆದಿರಲಿಲ್ಲ. ಅದನ್ನು ಅಧ್ಯಯನದ ಮಿತಿಗಳು ಎಂಬ ಕಡೆ ಒಂದು ಸಾಲಿನಲ್ಲಿ ಬರೆದೂ ಇದ್ದಳು. ಎಲ್ಲವೂ ನಿಯಮದೊಳಗೇ ನಡೆದಿತ್ತು, ಆ 'ಅಲ್ವಾ' ಒಂದನ್ನು ಬಿಟ್ಟು.

'ರೊಪ್ಪ ಯಾರು ಬಳಿಯೋದು?' ಎಂದು ಕೇಳಿದಳು.

'ನಾನೇ.'

'ಕುರಿ ಕಂದು ಹಾಕಿದ್ರೆ?'

'ನಾನೇ ಎತ್ತಿ ಹಾಕ್ತೀನಿ. ಇನ್ಯಾರು ಎತ್ತಾರೆ?'

ರೊಪ್ಪ ದೂರ ಕಟ್ಟಿದ ಮನೆಗೆ ಜ್ವರವಿಲ್ಲ ಎನ್ನುವುದು ಬಿಂದುವಿನ ಫಲಿತಾಂಶ. ರೊಪ್ಪ ದೂರವೇ ಇತ್ತು. ದೂರದ ರೊಪ್ಪಕ್ಕೆ ದಿನಾ ಹೋಗಿ ಬರುತ್ತಿದ್ದವಳನ್ನು ಯಾವ ಪ್ರಶ್ನೆಯೂ ಕೇಳಿರಲಿಲ್ಲ.

ಹೊರಗೆ, ವರಾಂಡದಲ್ಲಿ ಮಳಿಗೆಗಳಿದ್ದವು. ಒಂದರಲ್ಲಿ ಹನುಮೇಶ್ ಎಂಬ ಯುವ ವಿಜ್ಞಾನಿ ತಮ್ಮ ಪ್ರಯೋಗಾಲಯದ ಹೊಸ ಕಿಟ್ಟಿನ ಪ್ರಾತ್ಯಕ್ಷಿಕೆ ಕೊಡುತ್ತಿದ್ದ. ಬೆರಳಿನಿಂದ ಒಂದು ಹನಿ ರಕ್ತ, ಚಿಕ್ಕ ಪಟ್ಟಿ. ಒಂದು ಗೀಟು ಬಂದರೆ ಕಂದು ರೋಗದ ಸುಳಿವಿಲ್ಲ, ಎರಡು ಬಂದರೆ ಇದೆ, ಪಕ್ಕಾ ಮಾಡಿಕೊಳ್ಳಲು ಆಸ್ಪತ್ರೆಯಲ್ಲಿ ಇನ್ನೊಂದು ಪರೀಕ್ಷೆ. ಬಿಂದು ಸುಷ್ಮಿತಾಳನ್ನು ಕೈ ಹಿಡಿದು ಅಲ್ಲಿಗೆ ಕರೆತಂದಳು. ಹನುಮೇಶ್ ಸೂಜಿ ಬಿಚ್ಚುವಷ್ಟರಲ್ಲಿ ಏಕಾಂತಮ್ಮ ಬಂದಳು. ಶಾಲು ಒಂದು ಕಡೆ ಜಾರಿತ್ತು.

'ಏನು ನಡಿಸೀರಿ ಮೇಡಂ?'

'ಸುಷ್ಮಿತಾಗೆ ಜ್ವರ ಐತೆ. ಒಂದು ಹನಿ ರಕ್ತ ನೋಡಾಣ ಅಂತ.'

ಏಕಾಂತಮ್ಮ ಸೊಸೆಯ ಮುಖ ನೋಡಿದಳು, ಸುತ್ತ ನಿಂತ ಬಿಲ್ಲೆಯ ಜನರನ್ನು ನೋಡಿದಳು. ಶಾಲು ಸರಿಪಡಿಸಿಕೊಂಡು ತನ್ನ ಕೈಯನ್ನೇ ಮೇಜಿನ ಮೇಲೆ ಚಾಚಿದಳು. 'ನನ್ನ ರಕ್ತ ತಗಳಪ್ಪ.'

'ಅಮ್ಮಾ, ಜ್ವರ ಅವರಿಗೆ' ಎಂದ ಹನುಮೇಶ್.

'ಒಂದೇ ಗಡಿಗೆ ಅನ್ನ ಉಣ್ಣೋರು ನಾವು. ತಗ ಅಂದ್ರೆ ತಗ.'

ಅವನು ಬಿಂದುವಿನ ಕಡೆ ನೋಡಿ, ಭುಜ ಕುಣಿಸಿ, ಏಕಾಂತಮ್ಮನ ಬೆರಳಿಗೆ ಚುಚ್ಚಿದ. ಸುತ್ತ ನಿಂತವರಿಗೆ ಇದು ಪ್ರಾತ್ಯಕ್ಷಿಕೆಯ ಭಾಗವೆನ್ನಿಸಿತು. ಇಬ್ಬರು ಫೋಟೊ ತೆಗೆದರು. ಸ್ವಲ್ಪ ಹೊತ್ತಿಗೆ ಪಟ್ಟಿಯ ಮೇಲೆ ಒಂದು ಗೀಟು ಬಂತು, ಎರಡನೆಯದು ಬರಲಿಲ್ಲ. ಏಕಾಂತಮ್ಮ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

'ಒಂದೇ. ಆತಲ್ಲ?'

'ಅದು ನಿಮ್ಮದು ಏಕಾಂತಮ್ಮ. ಸುಷ್ಮಿತಾದು ಬೇರೆ.'

'ಮನೆಗೊಬ್ಬರು ಸಾಕು ಅಂದೋರು ನೀವೇ ಅಲ್ವೇನ್ರಿ' ಎಂದಳು ಏಕಾಂತಮ್ಮ. 'ನಮ್ಮನೆ ಪಡಸಾಲಿನಾಗೆ ಕುಂತು ಅಂದಿದ್ದು. ಒಬ್ಬರು ಹೇಳಿದ್ದು ಇಡೀ ಮನೆ ಮಾತು ಅಂತ. ಅವತ್ತು ಸಾಕಾಗಿದ್ದು ಇವತ್ತು ಸಾಕಾಗಲ್ವಾ?' ಸೊಸೆಯ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹನುಮೇಶ್ ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕುತ್ತ, 'ವಾದ ಸರಿಯಾಗೇ ಮಾಡಿದರು' ಎಂದ. ಅವನು ತಮಾಷೆಗೆ ಹೇಳಿದ್ದ.

ಬಿಂದುವಿನ ಸರದಿ ಬಿಡುವಿನ ನಂತರದ ಮೊದಲನೆಯದು. ವೇದಿಕೆಯ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಊರಿನ ನಕ್ಷೆಯ ಚಿತ್ರ ಬಂತು. ಜ್ವರ ಬಂದ ಮನೆಗಳು ಕೆಂಪು ಚುಕ್ಕೆ, ಒಳ್ಳೆ ಮನೆಗಳು ಹಸಿರು. ಈ ನಕ್ಷೆಯನ್ನು ಅವಳು ಏಕಾಂತಮ್ಮನ ಮನೆಯಲ್ಲೇ ಒಮ್ಮೆ ತೋರಿಸಿದ್ದಳು. ಕೆರೆಯ ಏರಿಯ ಪಕ್ಕದ ಹಸಿರು ಚುಕ್ಕೆ ಯಾರದೆಂದು ಏಕಾಂತಮ್ಮ ತಾನೇ ಕಂಡುಹಿಡಿದು, ಪರದೆಯ ಮೇಲೆ ಬೆರಳಿಟ್ಟು, ಬೆರಳಿನ ಗುರುತು ಬಿಟ್ಟಿದ್ದಳು. ಆ ಜೋಡಿಯನ್ನು ತೆಗೆದರೆ ಏನಾಗುತ್ತದೆ ಎಂದು ಬಿಂದುವಿಗೆ ಲೆಕ್ಕ ಮಾಡದೆಯೇ ಗೊತ್ತಿತ್ತು. ಎರಡು ಮನೆಗಳ ನಡುವೆ ರೊಪ್ಪದ ದೂರದಲ್ಲಿ ವ್ಯತ್ಯಾಸ ಕಂಡ ಜೋಡಿಗಳು ಒಟ್ಟು ಹನ್ನೆರಡೇ. ಅದರಲ್ಲಿ ಹತ್ತು ಅವಳ ಮಾತಿನ ಪರ, ಎರಡು ವಿರುದ್ಧ. ಅಂದಾಜಿನ ಕೆಳಗಿನ ಅಂಚು ಒಂದಕ್ಕಿಂತ ಮೇಲಿದ್ದರೆ ಕಂಡದ್ದನ್ನು ಕಂಡೆ ಎಂದು ಹೇಳಬಹುದು. ಒಂದಕ್ಕಿಂತ ಕೆಳಗೆ ಹೋದರೆ, ಇದು ಆಕಸ್ಮಿಕವೂ ಇರಬಹುದು ಎಂದು ಹೇಳಿ ಕೂರಬೇಕು. ಈಗ ಅದು 1.07. ಹತ್ತು ಒಂಬತ್ತಾದರೆ 0.93. ಅವಳು ಏಕಾಂತಮ್ಮನ ಹಸಿರು, ನಿಂಗಕ್ಕನ ಕೆಂಪು, ಎರಡೂ ಚುಕ್ಕೆಗಳನ್ನು ಆಯ್ದುಕೊಂಡಳು.

'ಏನು ಮಾಡ್ತಿದ್ದೀಯ?' ದಯಾನಂದ ಹಿಂದೆ ನಿಂತಿದ್ದರು.

ಹೇಳಿದಳು. ಅವರು ಪೂರ್ತಿ ಕೇಳಿದರು. ಕೇಳುವುದರಲ್ಲಿ ಅವರು ಯಾವತ್ತೂ ಅವಸರ ಮಾಡುವವರಲ್ಲ. 'ಪರೀಕ್ಷೆ ಆಗಿಲ್ಲವಲ್ಲ' ಎಂದರು. 'ಜ್ವರ ಅಂದರೆ ಮಲೇರಿಯಾ ಇರಬಹುದು, ನೆಗಡಿ ಇರಬಹುದು. ಅನುಮಾನಕ್ಕೆ ಡೇಟಾ ತೆಗೆಯೋಕಾಗಲ್ಲ ಬಿಂದು. ಇವತ್ತು ಹೀಗೇ ತೋರಿಸು. ನಾಳೆ ಆ ಹುಡುಗಿಯ ರಕ್ತ ನಾನೇ ತೆಗೆಸ್ತೀನಿ.'

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾಳೆ ಬೆಳಗ್ಗೆ ಏಕಾಂತಮ್ಮ ಊರಿನಲ್ಲಿರುತ್ತಾಳೆ, ಗೋಡೆಯ ಮೇಲೆ ಸನ್ಮಾನದ ಫೋಟೊಗೆ ಜಾಗ ನೋಡುತ್ತಿರುತ್ತಾಳೆ. ಆಮೇಲೆ ಹಿರೇಗುಂಟನೂರಿನವರು ಬರುತ್ತಾರೆ. ಅವರು ಬರುವ ದಿನ ಸುಷ್ಮಿತಾಳನ್ನು ಯಾವ ಊರಿನ ನೆಂಟರ ಮನೆಗೆ ಕಳಿಸುತ್ತಾರೆ ಎಂದು ಬಿಂದುವಿಗೆ ಕೇಳಬೇಕೆನ್ನಿಸಿತು. 'ಅನುಮಾನಕ್ಕಲ್ಲ ಸರ್' ಎಂದಳು. 'ಕೇಳಿದ ರೀತಿ ತಪ್ಪಿತ್ತು. ಬಂದ ಉತ್ತರ ನನ್ನದು, ಅವರದಲ್ಲ.' ದಯಾನಂದ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. 'ನಿನ್ನ ಮೊದಲನೇ ಪೇಪರ್ ಇದು' ಎಂದು ಹೇಳಿ ತಮ್ಮ ಕುರ್ಚಿಗೆ ಹೋದರು. ಬಿಂದು ಗುಂಡಿ ಒತ್ತಿದಳು. ಚುಕ್ಕೆಗಳು ಹೋದವು. ಅವು ಹೋದದ್ದು ದೊಡ್ಡ ಘಟನೆಯಂತೆ ಕಾಣಲಿಲ್ಲ. ಕೆರೆಯ ಏರಿಯ ಪಕ್ಕ ಖಾಲಿ ಜಾಗವಿತ್ತು, ಮೊದಲಿನಿಂದಲೂ ಖಾಲಿ ಇದ್ದ ಹಾಗೆ.

ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಮೊದಲ ಎರಡು ಚಿತ್ರಗಳು ಕಳೆದು ನಕ್ಷೆ ಬಂದಾಗ ಮುಂದಿನ ಸಾಲಿನಲ್ಲಿ ಏಕಾಂತಮ್ಮ ಕೊರಳು ಚಾಚಿದಳು. ಬುಟ್ಟಿಯನ್ನು ಪಕ್ಕದ ಕುರ್ಚಿಯಲ್ಲಿಟ್ಟು ಎದ್ದು ನಿಂತಳು.

'ಮೇಡಂ, ನಮ್ಮನೆ ಎಲ್ಲೈತೆ?'

ಸಭೆ ಅವಳ ಕಡೆ ತಿರುಗಿತು. ಅಧ್ಯಕ್ಷರು, ಪ್ರಶ್ನೆಗಳು ಕೊನೆಗೆ ಎಂದು ಮೆಲ್ಲಗೆ ಹೇಳಿದರು. ಅದು ಅವಳಿಗೆ ಹೇಳಿದ್ದೆಂದು ಏಕಾಂತಮ್ಮನಿಗೆ ತಿಳಿಯಲಿಲ್ಲ.

'ತೆಗ್ದೀನಿ ಏಕಾಂತಮ್ಮ' ಎಂದಳು ಬಿಂದು.

'ಕೆಂಪು ಮಾಡೀರಾ?'

'ಇಲ್ಲ. ಕೆಂಪೂ ಇಲ್ಲ, ಹಸಿರೂ ಇಲ್ಲ. ಗೊತ್ತಿಲ್ಲ ಅಂತ ತೆಗ್ದೀನಿ.'

'ಅಂಗಾರೆ ಊರಾಗೆ ನಮ್ಮನೇನೇ ಇಲ್ಲ ಅಂತಾತು.'

'ಗೊತ್ತಾಗ ತನಕ ಇಲ್ಲ.'

ಧ್ವನಿವರ್ಧಕದಲ್ಲಿ ತನ್ನ ಮಾತು ಕೇಳಿದಾಗ ಬಿಂದುವಿಗೆ ಬೇರೆ ಯಾರೋ ಮಾತಾಡಿದಂತೆನಿಸಿತು. ಬೆಂಗಳೂರಿಗೆ ಓದಲು ಹೋದ ಮೊದಲ ವರ್ಷದಲ್ಲೇ ಸಭೆಗಳಲ್ಲಿ ಬಿಟ್ಟ ಮಾತಿನ ವರಸೆ ಅದು. ಏಕಾಂತಮ್ಮ ಪರದೆಯನ್ನು ಇನ್ನೊಮ್ಮೆ ಎಡದಿಂದ ಬಲಕ್ಕೆ ನೋಡಿದಳು. ಯಾರದೋ ಹೊಲದಲ್ಲಿ ತಪ್ಪಿಸಿಕೊಂಡ ಕುರಿ ಹುಡುಕುವ ನೋಟ. ಆಮೇಲೆ ಬಗ್ಗಿ ಸೊಸೆಯ ರಟ್ಟೆ ಹಿಡಿದಳು. 'ಲೇ, ಏಳು. ಮನೆ ವಾಪಸ್ ಹಾಕಿಸ್ಕಂಡು ಹೋಗಾಣ ನಡಿ.' ಸುಷ್ಮಿತಾ ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಾಗ ಏಕಾಂತಮ್ಮ ಅವಳ ಸೊಂಟದ ಸುತ್ತ ಕೈ ಹಾಕಿದಳು. ಅದು ಆಸರೆಯೋ ಎಳೆದುಕೊಂಡು ಹೋಗುವುದೋ ವೇದಿಕೆಯಿಂದ ತಿಳಿಯುತ್ತಿರಲಿಲ್ಲ.

ಬಿಂದು ಮುಂದುವರಿಸಿದಳು. ಗಾಜಿನ ಬಾಗಿಲಾಚೆ ವರಾಂಡದ ಒಂದು ಭಾಗ ಕಾಣುತ್ತಿತ್ತು. ಹನುಮೇಶ್ ಮೇಜಿನ ಮೇಲೆ ಬಗ್ಗಿದ್ದ. ಕುರಿಗೆ ಸೂಜಿ ಹಾಕುವಾಗ ಅದು ಕೊಸರದಂತೆ ಕಣ್ಣು ಮುಚ್ಚಿ ಹಿಡಿಯುತ್ತಾರಲ್ಲ, ಹಾಗೆ ಏಕಾಂತಮ್ಮ ತನ್ನ ಅಂಗೈಯಿಂದ ಸುಷ್ಮಿತಾಳ ಕಣ್ಣು ಮುಚ್ಚಿ ಹಿಡಿದಿದ್ದಳು. ಕೆಂಪು ಶಾಲು ಈಗ ಸೊಸೆಯ ಹೆಗಲ ಮೇಲಿತ್ತು. ಬಿಂದು 0.93 ಎಂಬ ಸಂಖ್ಯೆಯನ್ನು ಓದಿದಳು. ಕೆಲವರು ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟರು. ಹಾಗಾಗಿ ರೊಪ್ಪದ ದೂರದಿಂದ ಜ್ವರ ಕಡಿಮೆಯಾಗುತ್ತದೆ ಎಂದು ಈ ಅಧ್ಯಯನ ಹೇಳಲಾರದು, ಎಂದಳು. ವಾಕ್ಯ ಸಲೀಸಾಗಿ ಬಂತು. ಹೆದರಿದ್ದಷ್ಟು ಕಷ್ಟವಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಪ್ರಶ್ನೆ ಕೇಳುವಾಗ ಬಳಸಿದ ಪದಗಳ ಬಗ್ಗೆ, ಯಾರನ್ನು ಕೇಳಲಿಲ್ಲ ಎಂಬುದರ ಬಗ್ಗೆ ಮಾತಾಡುತ್ತ ಹೋದಳು. ಮೊದಲೇ ಬರೆದುಕೊಂಡಿರದ ಭಾಗ ಅದು, ಆದ್ದರಿಂದ ಇಂಗ್ಲಿಷ್ ಅಲ್ಲಲ್ಲಿ ತೊಡರಿತು. ದಯಾನಂದ ಕೈಕಟ್ಟಿ ಕೂತು ನೆಲ ನೋಡುತ್ತಿದ್ದರು. ಸಮಯ ಮುಗಿದ ಗಂಟೆ ಬಾರಿಸಿದರು.

ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಫಲಿತಾಂಶವಿಲ್ಲದ ಅಧ್ಯಯನಕ್ಕೆ ಪ್ರಶ್ನೆಗಳು ಹುಟ್ಟುವುದು ಕಡಿಮೆ. ಅಧ್ಯಕ್ಷರು ಮುಂದಿನವರ ಹೆಸರು ಹುಡುಕಲು ಹಾಳೆ ತಿರುಗಿಸಿದರು. ಆಗ ಗಾಜಿನ ಬಾಗಿಲು ತೆರೆಯಿತು. ಏಕಾಂತಮ್ಮ ಒಳಗೆ ಬಂದು ನಿಂತಳು, ಕೈಯಲ್ಲಿ ಚಿಕ್ಕ ಪಟ್ಟಿ. ಅವಳ ಹಿಂದೆ ಬಾಗಿಲಿಗೆ ಒರಗಿ ಸುಷ್ಮಿತಾ, ಹೆಬ್ಬೆರಳಿನಿಂದ ಬೆರಳಿನ ತುದಿಯ ಹತ್ತಿಯನ್ನು ಒತ್ತಿ ಹಿಡಿದಿದ್ದಳು. ಏಕಾಂತಮ್ಮ ಏನೋ ಕೇಳಿದಳು, ವೇದಿಕೆಗೆ ಕೇಳಿಸಲಿಲ್ಲ. ಪ್ರಶ್ನೆಯ ಸಮಯದಲ್ಲಿ ಯಾರು ನಿಂತರೂ ಅವರಿಗೆ ಮೈಕು ಕೊಡಬೇಕೆಂದು ಸ್ವಯಂಸೇವಕಿಗೆ ಹೇಳಿದ್ದರು. ಅವಳು ಸಾಲುಗಳ ನಡುವೆ ನಡೆದು ಹೋಗಿ ಏಕಾಂತಮ್ಮನ ಬಾಯಿಯ ಹತ್ತಿರ ಮೈಕು ಹಿಡಿದಳು.

'ಎರಡು ಗೀಟು ಬಂದ್ರೆ' ಎಂದಳು ಏಕಾಂತಮ್ಮ, 'ಯಾವ ಬಣ್ಣ ಹಾಕ್ತೀರಿ ಮೇಡಂ?'